ಗ್ರಾಫಿಕ್ಸ್ ಕಾರ್ಡಿಗೆ ಕೊಟ್ಟ ಬನ್ನಿ

ಹದಿನಾಲ್ಕು ಸಾವಿರ ರೂಪಾಯಿ. ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ನಾನು ಕೊಟ್ಟ ಬೆಲೆ ಇದು. ಛತ್ರಪತಿ ಸಂಭಾಜಿನಗರದ ಅಂಗಡಿಯಾತ ಬಾಯಿ ತೆರೆದದ್ದು ಹದಿನೆಂಟೂವರೆ ಸಾವಿರಕ್ಕೆ. ಹೊಸದಕ್ಕಾದರೆ ಇದರ ದುಪ್ಪಟ್ಟು. ನಮ್ಮ ನಾಸಿಕದಲ್ಲೇ ಸಿಗುತ್ತಿರಲಿಲ್ಲವೇ ಎಂದು ಕೇಳುತ್ತೀರಿ. ಸಿಗುತ್ತಿತ್ತು. ಆದರೆ ಇಲ್ಲಿಯವರು ಹಳೆ ಮಾಲಿಗೆ ಒಂದು ವಾರದ ಗ್ಯಾರಂಟಿ ಕೊಡಲಿಕ್ಕೂ ಮುಖ ಸಿಂಡರಿಸುತ್ತಾರೆ. ಆತ ಮೂರು ತಿಂಗಳು ಕೊಟ್ಟ. ಒಂದೇ ಕರಾರು: ಕಾರ್ಡಿನ ಸ್ಕ್ರೂ ಮೇಲೆ ತಾನು ಅಂಟಿಸಿದ ಸೀಲ್ ಹರಿದರೆ ಗ್ಯಾರಂಟಿಯೂ ಹರಿದಂತೆ.

ಕಾರ್ಡು ಬೇಕಾದದ್ದು ನನ್ನ ಮಗಳಿಗೆ. ಅಂಗಡಿ, ಮನೆಗಳ ಒಳಾಂಗಣವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ನಾವೇ ಅದರೊಳಗೆ ನಡೆದಾಡಿದಂತೆ ವಿಡಿಯೋ ಮಾಡುವುದು ಅವಳ ಕೆಲಸ. ಯೇವಲಾದ ಪೈಠಣಿ ಸೀರೆಯ ವ್ಯಾಪಾರಿಯೊಬ್ಬರು ಹೊಸ ಶೋರೂಮು ಕಟ್ಟಿಸುವವರಿದ್ದರು. "ದಸರೆಯ ಮುಂದಿನ ವಾರ, ಶನಿವಾರ ನನ್ನ ಅಣ್ಣತಮ್ಮಂದಿರು ಕೂಡುತ್ತಾರೆ. ಅಷ್ಟರೊಳಗೆ ವಿಡಿಯೋ ತೋರಿಸಿದರೆ ಕೆಲಸ ನಿನಗೆ, ಇಲ್ಲದಿದ್ದರೆ ದೊಡ್ಡ ಆಫೀಸಿನವರು ಕಾದು ಕೂತಿದ್ದಾರೆ" ಎಂದಿದ್ದರು. ಅವಳು ತಾನೇ ಓಡಾಡಿ ಹಿಡಿದ ಮೊದಲ ಗಿರಾಕಿ. ಬಾಗಲಕೋಟೆಯಿಂದ ಒಂದು ಟ್ರಂಕು ಹಿಡಿದು ಫಿಟ್ಟರಾಗಿ ಬಂದು, ಇಂದು ನನ್ನದೇ ನಾಲ್ಕು ಲೇಥು ತಿರುಗಿಸುವ ನನಗೆ ಮೊದಲ ಗಿರಾಕಿಯ ರುಚಿ ಗೊತ್ತು.

ಕಾರ್ಡು ಬಂದ ವಾರದಲ್ಲೇ ಖಂಡೆನವಮಿ. ವರ್ಕ್‌ಶಾಪಿನಲ್ಲಿ ಲೇಥುಗಳ ಪೂಜೆ, ಮನೆಯಲ್ಲಿ ಸ್ಕೂಟರು, ಮಿಕ್ಸರಿನ ಪೂಜೆ. ಈ ಸಲ ಹೊಸದಾಗಿ ಬಂದದ್ದು ಕಾರ್ಡು ತಾನೆ? ಕಂಪ್ಯೂಟರ್ ಡಬ್ಬಿಯ ಗಾಜಿನ ಬಾಗಿಲು ತೆಗೆದು ನನ್ನ ಹೆಂಡತಿ ಕಾರ್ಡಿನ ಬೆನ್ನಿಗೇ ಕುಂಕುಮ ಇಟ್ಟಳು. ಮರುದಿನ ದಸರೆ. ನಮ್ಮ ಕಾಲನಿಯಲ್ಲಿ ಕನ್ನಡದ ಮನೆಗಳು ಬಹಳ. ಸಂಜೆ ಎಲ್ಲರೂ ಬನ್ನಿ ಎಲೆ ಹಿಡಿದು ಬಂದರು. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ನಮ್ಮ ಕೈಗೆ ಕೊಟ್ಟರು. "ಹುಡುಗಿ ಧಂದೇಕ್ಕ ಛಲೋ ಆಗ್ಲಿ" ಎಂದು ಕಾರ್ಡಿನ ಮೇಲೂ ಒಂದೊಂದು ಚಿಟಿಕೆ ಇಟ್ಟರು. ಹಾಗೆಯೇ ಡಬ್ಬಿಯ ಬಾಗಿಲು ಮುಚ್ಚಿದೆವು. ದಸರೆಯ ಬನ್ನಿಯನ್ನು ಗುಡಿಸಿ ಕಸಕ್ಕೆ ಹಾಕುವವರು ನಮ್ಮಲ್ಲಿ ಯಾರೂ ಇಲ್ಲ.

ಕೆಲ ದಿನಗಳಲ್ಲಿ ಕಂಪ್ಯೂಟರು ಒದರಲು ಶುರುಮಾಡಿತು. ಮಗಳು ವಿಡಿಯೋ ತಯಾರಿಗೆ ಹಚ್ಚಿದರೆ ಪರದೆಯ ಮೂಲೆಯಲ್ಲಿ ಕಾರ್ಡಿನ ಉಷ್ಣತೆ ಎಂಬತ್ತು, ತೊಂಬತ್ತು ಎಂದು ಏರುತ್ತಿತ್ತು. ಆಮೇಲೆ ಪರದೆ ಕಪ್ಪಾಗಿ ಎಲ್ಲ ಬಂದ್.

"ಓಝರ್ ವಿಮಾನ ನಿಲ್ದಾಣದಾಗ ವಿಮಾನ ಹಾರಿಸಿದಂಗ ಆಗ್ಲಿಕ್ಕತ್ತದ. ಚೌಕಾಶಿ ಮಾಡಿ ತಂದೀರಲ್ಲ, ಕೇಳ್ರಿ ಈಗ ಅದರ ಸಂಗೀತ" ಎಂದಳು ಹೆಂಡತಿ.

ನಾನು ಸುಮ್ಮನೆ ಕೂಡುವವನೇ? ಗೋಡೆಗೆ ಒತ್ತಿದ್ದ ಡಬ್ಬಿಯನ್ನು ಮುಂದೆ ಎಳೆದೆ. ಬಾಗಿಲು ತೆಗೆದು ಟೇಬಲ್ ಫ್ಯಾನ್ ಹಚ್ಚಿದೆ. ಸ್ವಲ್ಪ ಹೊತ್ತು ಹೆಚ್ಚು ತಾಳಿ ಮತ್ತೆ ಬಂದ್. ಪಕ್ಕದ ಮನೆಯಿಂದ ಪವರ್ ಸಪ್ಲೈ ತಂದು ಬದಲಿಸಿ ನೋಡಿದೆ, ಅದೇ ಹಾಡು. ಡಬ್ಬಿಯ ಫ್ಯಾನುಗಳು ತಿರುಗುತ್ತಿದ್ದವು, ಕಾರ್ಡಿನವೂ ತಿರುಗುತ್ತಿದ್ದವು. ಹಾಗಾದರೆ ರೋಗ ಕಾರ್ಡಿನ ಹೊಟ್ಟೆಯಲ್ಲಿ. ಹೊಟ್ಟೆ ಕೊಯ್ಯಲು ಸೀಲ್ ಅಡ್ಡ. ಅಷ್ಟರಲ್ಲಿ ಗುರುವಾರ ಮುಗಿದಿತ್ತು.

ಶುಕ್ರವಾರ ಬೆಳಿಗ್ಗೆ ಕಾರ್ಡನ್ನು ಟವೆಲಿನಲ್ಲಿ ಸುತ್ತಿಕೊಂಡು, ಮಗಳನ್ನು ಕೂಡಿಸಿಕೊಂಡು ಸಂಭಾಜಿನಗರದ ಕಡೆ ಕಾರು ಬಿಟ್ಟೆ. ಯೇವಲಾ ದಾಟಿ ವೈಜಾಪುರ ಬರುವಷ್ಟರಲ್ಲಿ ಅಂಗಡಿಯಾತನಿಗೆ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿ ಮುಗಿಸಿದ್ದೆ. ಹಣ ವಾಪಸ್, ಇಲ್ಲವೇ ಬೇರೆ ಕಾರ್ಡು.

ಅಂಗಡಿಯಾತ ನನ್ನಷ್ಟೇ ಗಟ್ಟಿ ಆಸಾಮಿ. ಕಾರ್ಡನ್ನು ತಿರುಗಿಸಿ ಕುಂಕುಮ ನೋಡಿದ. ನಮ್ಮ ಮಾತೆಲ್ಲ ಮರಾಠಿಯಲ್ಲಿ ನಡೆಯಿತು.

"ಕಾಕಾ, ಲಗ್ನ ಮಾಡಿ ಕಳಿಸಿದ ಮಾಲು ಇದು. ಈಗ ವಾಪಸ್ ಅಂದರೆ ಹೆಂಗೆ?"

"ಹೆಣ್ಣಿನ ಕಡೆಯವರು ನೀವು. ಜ್ವರ ಮುಚ್ಚಿಟ್ಟು ಕೊಟ್ಟಿರಿ. ಮೊದಲು ಅದರ ಜವಾಬು ಹೇಳಿ, ಶೇಟ್."

"ನಮ್ಮ ಮನೆಯಲ್ಲಿದ್ದಾಗ ತಣ್ಣಗಿತ್ತು. ಅತ್ತೆ ಮನೆಯಲ್ಲೇ ಏನೋ ಆಗಿದೆ."

"ಅಪ್ಪಾ, ಥಾಂಬ ನಾ! ಟೈಮ್ ಇಲ್ಲ" ಎಂದು ಮಗಳು ನನ್ನ ತೋಳು ಹಿಡಿದು ನಿಲ್ಲಿಸಿದಳು. ಆಮೇಲೆ ಅವನ ಕಡೆ ತಿರುಗಿ, "ದಾದಾ, ಸೀಲ್ ನಿಮ್ಮದೇ. ನೀವೇ ಬಿಚ್ಚಿರಿ" ಎಂದಳು.

ಆತ ಬಿಚ್ಚಿದ. ಫ್ಯಾನುಗಳನ್ನು ಎತ್ತಿದರೆ ಕೆಳಗೆ ಬಿಸಿ ಹೊರಹಾಕುವ ಅಲ್ಯೂಮಿನಿಯಂ ಪಟ್ಟಿಗಳ ಸಾಲು ಇರಬೇಕಿತ್ತು. ಸಾಲು ಕಾಣಲೇ ಇಲ್ಲ. ಸಂದುಸಂದಿನಲ್ಲೂ ಏನೋ ಒಣಗಿದ್ದು, ಧೂಳು ಸೇರಿ ಗಾದಿಯಂತೆ ಕೂತಿತ್ತು.

"ಚಹಾಪುಡಿನಾ?" ಎಂದ ಆತ.

ಮಗಳು ಒಂದು ಎಳೆಯನ್ನು ಉಗುರಿನಿಂದ ಎತ್ತಿ ನೋಡಿ ಕಿಲಕಿಲ ನಗತೊಡಗಿದಳು. "ಅಪ್ಪಾ, ಬನ್ನಿ!"

ಬನ್ನಿಯ ಎಲೆ ಜೀರಿಗೆಯಷ್ಟು ಸಣ್ಣದು. ಒಣಗಿ, ಉದುರಿ, ಡಬ್ಬಿಯ ತಳಕ್ಕೆ ಬಿದ್ದಿದೆ. ಕಾರ್ಡಿನ ಫ್ಯಾನುಗಳು ಕೆಳಮುಖ, ತಳದ ಗಾಳಿಯನ್ನು ಮೇಲಕ್ಕೆ ಎಳೆಯುತ್ತವೆ. ಇಡೀ ಕಾಲನಿಯ ಆಶೀರ್ವಾದವನ್ನು ಅವು ಒಂದೆಲೆಯೂ ಬಿಡದೆ ನುಂಗಿದ್ದವು! ನಮ್ಮ ಮರಾಠಿ ನೆರೆಯವರು ದಸರೆಗೆ ಬನ್ನಿಯ ಬದಲು ಹಂಚುವ ಅಗಲ ಎಲೆಯಾಗಿದ್ದರೆ ಒಳಗೆ ಹೋಗುತ್ತಲೇ ಇರಲಿಲ್ಲ.

ಆತ ಎಲೆಗಳನ್ನೆಲ್ಲ ಬ್ರಷ್ಷಿನಿಂದ ಕಾಗದದ ಮೇಲೆ ಇಳಿಸಿ, ಒಮ್ಮೆ ಕೈಮುಗಿದು, "ಕಾಕಾ, ಗ್ಯಾರಂಟಿ ಮುಗಿಯಿತು. ಇದು ನಿಮ್ಮ ಮನೆಯ ಪ್ರಸಾದ" ಎಂದ.

"ಪ್ರಸಾದಕ್ಕೆ ಜಗಳ ಇಲ್ಲ. ಹೆಂಗೂ ಬಿಚ್ಚಿದ್ದೀರಿ, ಚಿಪ್ ಮೇಲೆ ಬಿಸಿ ಎಳೆಯುವ ಹೊಸ ಪೇಸ್ಟ್ ಹಚ್ಚಿ ಕೊಡಿ. ಪೇಸ್ಟಿನ ದುಡ್ಡು ಕೊಡುತ್ತೇನೆ, ಕೂಲಿ ಬಿಡಿ."

ಹಚ್ಚಿದ. ಕಾರ್ಡನ್ನು ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಟೆಸ್ಟ್ ಹಾಕಲು ಹೋದ. ಆಗ ನನ್ನ ತಲೆಯಲ್ಲಿ ದೀಪ ಹತ್ತಿತು ನೋಡಿ! ಮಗಳ ಚೀಲದಲ್ಲಿ ಅವಳ ಕೆಲಸವೂ ಸಾಫ್ಟ್‌ವೇರೂ ಇದ್ದ ಡಿಸ್ಕ್ ಇತ್ತು.

"ನಿಮ್ಮ ಟೆಸ್ಟ್ ಬೇಡ ಶೇಟ್. ಇವಳ ವಿಡಿಯೋನೇ ಹಚ್ಚಿ. ಅದರಲ್ಲಿ ತಾಳಿದರೆ ಎಲ್ಲದರಲ್ಲೂ ತಾಳುತ್ತದೆ."

ಆತನಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. "ವಾ ಕಾಕಾ! ಕರೆಂಟ್ ನಂದು, ಎಸಿ ನಂದು, ಕೆಲಸ ನಿಮ್ಮ ಮಗಳದು!"

"ಹೆಸರು ಮಾತ್ರ ನಿಮ್ಮ ಮಾಲಿಂದು."

ನಕ್ಕು ಕುರ್ಚಿ ಬಿಟ್ಟುಕೊಟ್ಟ. ಮಗಳು ಕೂತಳು. ನಾನು ಪರದೆಯ ಮೂಲೆಯ ಉಷ್ಣತೆಯ ಅಂಕಿಗೆ ಕಣ್ಣು ನೆಟ್ಟೆ. ಐವತ್ತು. ಅರವತ್ತು. ಅರವತ್ತೆಂಟು. ಎಪ್ಪತ್ತಕ್ಕೆ ಬಂದು ನಿಂತಿತು. ನಿಂತೇ ಇತ್ತು! ಗಿರಾಕಿಗಳು ಬಂದು ಹೋದರು, ಅಂಗಡಿಯಾತ ಎರಡು ಸಲ ಚಹಾ ತರಿಸಿದ, ಪರದೆಯ ಮೇಲೆ ಶೋರೂಮು ತುಂಡುತುಂಡಾಗಿ ಬೆಳಕು ತುಂಬಿಕೊಳ್ಳುತ್ತ ಹೋಯಿತು. ಮಧ್ಯಾಹ್ನ ಇಳಿಯುವಷ್ಟರಲ್ಲಿ ಕೆಲಸ ಪೂರ್ತಿಯಾಯಿತು.

ಯೇವಲಾ ನಮ್ಮ ದಾರಿಯಲ್ಲೇ. ಶನಿವಾರದವರೆಗೆ ಕಾಯುವುದೇಕೆ? ಸಂಜೆ ವ್ಯಾಪಾರಿಯ ಟಿವಿಗೇ ವಿಡಿಯೋ ಹಚ್ಚಿದಳು. ಅವರು ಎರಡು ಸಲ ನೋಡಿ, ಎದ್ದು ಟಿವಿಯ ಹತ್ತಿರ ಹೋಗಿ ಬೆರಳು ಊರಿ, "ಇಲ್ಲಿ ಇನ್ನೊಂದು ಗಾದಿ ಬೇಕು. ಮದುವೆ ಜವಳಿಗೆ ಬಂದವರು ಹತ್ತು ಜನಕ್ಕೆ ಕಡಿಮೆ ಇರುವುದಿಲ್ಲ" ಎಂದರು. ಗಾದಿ ಕೇಳಿದರೆಂದರೆ ಕೆಲಸ ಕೊಟ್ಟ ಹಾಗೆ. ಅಣ್ಣತಮ್ಮಂದಿರ ಮುಂದೆ ವಿಡಿಯೋವನ್ನು ತಾವೇ ತೋರಿಸುವುದಾಗಿ ಹೇಳಿ ಮುಂಗಡವನ್ನೂ ಕೊಟ್ಟರು. ಕಾರಿನಲ್ಲಿ ಮಗಳು ನಾಸಿಕದವರೆಗೆ ಬಾಯಿ ಮುಚ್ಚಲಿಲ್ಲ, ನಾನೂ ಮುಚ್ಚಲಿಲ್ಲ.

ನಿಮ್ಮ ಕಾರ್ಡೂ ಕಾದರೆ ಹೊಸದಕ್ಕೆ ಓಡಬೇಡಿ. ಕಂಪ್ಯೂಟರ್ ಬಂದ್ ಮಾಡಿ, ಪ್ಲಗ್ ತೆಗೆದು, ಕೆಳಗಿನಿಂದ ಬ್ಯಾಟರಿ ಬೆಳಕು ಬಿಟ್ಟು ಫ್ಯಾನಿನ ಹಿಂದೆ ಏನು ಕೂತಿದೆ ನೋಡಿ. ಬ್ಲೋವರ್ ಹೊಡೆಯುವಾಗ ಫ್ಯಾನನ್ನು ಬೆರಳಿನಿಂದ ಹಿಡಿದುಕೊಳ್ಳಿ, ಗಾಳಿಗೆ ಅತಿವೇಗವಾಗಿ ತಿರುಗಿದರೆ ಅದು ಕೆಡುತ್ತದೆ. ಪೂಜೆ ಮಾಡಿ, ಬೇಡ ಎನ್ನುವುದಿಲ್ಲ, ಆದರೆ ಹೂವು, ಪತ್ರೆ ಎಲ್ಲ ಡಬ್ಬಿಯ ಹೊರಗಿನ ತಟ್ಟೆಯಲ್ಲಿ. ಇನ್ನು ಹಳೆಯ ಕಾರ್ಡು ಕೊಳ್ಳುವುದಾದರೆ ನಿಮ್ಮ ಕೆಲಸವನ್ನೇ ಡಿಸ್ಕಿನಲ್ಲಿ ಒಯ್ದು ಅಂಗಡಿಯಲ್ಲಿ ಓಡಿಸಿ, ಒಂದು ತಾಸು ಕೂತು ಅಂಕಿ ನೋಡಿ. ರೇಟಿನ ಮಾತು ತೆಗೆಯುವುದು ಅದಾದ ಮೇಲೆ.