ಬೆಲ್‌ಬಾಟಮ್ ನೋಡಿದ ಅತ್ತೆ

ಹನ್ನೆರಡು ವರ್ಷದ ಮಗಳು ಬೆಲ್‌ಬಾಟಮ್ ತೊಟ್ಟು ನನ್ನ ಜೊತೆ ಕುರುಗೋಡಿನಲ್ಲಿ ಬಸ್ಸಿಳಿದಾಗ, ಕಟ್ಟೆಯ ಮೇಲೆ ಕೂತಿದ್ದ ನನ್ನ ಅತ್ತೆ ಎದ್ದೇ ನಿಂತರು. ಅದು ಎಪ್ಪತ್ತರ ದಶಕ. ಬಳ್ಳಾರಿಯ ಕೌಲ್ ಬಜಾರಿನ ದರ್ಜಿಯ ಮುಂದೆ ನಾನು ‘ಲಂಗ, ಲಂಗ’ ಎಂದು ಬಡಿದುಕೊಂಡರೂ ಅವಳು ಪ್ಯಾಂಟೇ ಹೊಲಿಸಿಕೊಂಡಿದ್ದಳು. ಬೈಗುಳ ತಿನ್ನಲು ಸಿದ್ಧಳಾಗಿ ಸೆರಗು ಹೊದ್ದು ನಿಂತೆ.

ಅತ್ತೆ ಮೊಮ್ಮಗಳ ಪ್ಯಾಂಟಿನ ಜೇಬಿಗೆ ಕೈ ತೂರಿಸಿ ನೋಡಿ, ನನ್ನತ್ತ ತಿರುಗಿದರು. “ಎಷ್ಟು ದೊಡ್ಡ ಕಿಸೆ ಐತಿ! ನಾ ಇಷ್ಟು ವರ್ಷ ಎಲಿ ಅಡಿಕಿ ಸೊಂಟಕ್ಕ ಸಿಗಿಸ್ಕೊಂಡು ಸಾಯಾಕತ್ತೀನಿ. ನನ್ನ ಈ ಹಸಿರು ಕುಪ್ಪಸಕ್ಕೂ ಒಂದು ಹಚ್ಚಿಸಿ ಕೊಡವ್ವ.”

“ಹಸಿರು ಕುಪ್ಪಸ ಬ್ಯಾಡಜ್ಜಿ, ನಿನಗ ಒಪ್ಪಂಗಿಲ್ಲ,” ಎಂದಳು ಮಗಳು. ಅತ್ತೆ ವಿಧೇಯರಾಗಿ ತಲೆಯಾಡಿಸಿದರು.

ಅತ್ತೆ ಏನನ್ನುತ್ತಾರೋ ಎಂದು ಹದಿನಾಲ್ಕು ವರ್ಷ ಮಾಸಲು ಬಣ್ಣದ ಸೀರೆಗಳನ್ನೇ ಉಟ್ಟವಳು ನಾನು. ಮರುವಾರ ರಾಣಿ ಬಣ್ಣದ್ದೊಂದು ಕೊಂಡೆ. ಆರಿಸಿದ್ದು ಮಗಳು.