ಜೇಬಿನಲ್ಲಿ ಮೂರು ಫ್ಯೂಸು

ಅವರ ಖಾಕಿ ಪ್ಯಾಂಟಿನ ಬಲಗಡೆಯ ಜೇಬಿಗೆ ಒಳಗಿನಿಂದ ಹಳೆಯ ಕೊಡೆಯ ಬಟ್ಟೆ ಕೊಟ್ಟು ಹೊಲಿದಿತ್ತು. ಅದರ ಕಪ್ಪು ಅಂಚು ಬೆರಳಗಲ ಹೊರಗೆ ಕಾಣುತ್ತಿತ್ತು. ಕೆಲಸದ ಹೊತ್ತಿನಲ್ಲಿ ಆ ಜೇಬು ತೊಡೆಯ ಮೇಲೆ ಭಾರವಾಗಿ ಜೋತುಬೀಳುತ್ತಿತ್ತು. ನಡೆದರೆ ಒಳಗಿನಿಂದ ಪಿಂಗಾಣಿಗೆ ಪಿಂಗಾಣಿ ತಾಗುವ ಸದ್ದು ಬರುತ್ತಿತ್ತು. ದಿನವಿಡೀ ಚಹಾ ಕಪ್ಪು, ತಟ್ಟೆಗಳ ನಡುವೆ ಇರುವ ನನ್ನ ಕಿವಿಗೆ ಆ ಸದ್ದು ಗೇಟಿನ ಆಚೆಯಿಂದಲೇ ತಿಳಿಯುತ್ತಿತ್ತು.

ಅವರು ನಮ್ಮ ಕಡೆಯ ಲೈನ್‌ಮ್ಯಾನ್. ಕಡಬ ಪೇಟೆ ದಾಟಿ ಇಚಿಲಂಪಾಡಿಯ ಕಡೆಗೆ ಹೋಗುವ ರಸ್ತೆಯ ತಿರುವಿನಲ್ಲಿ ನಮ್ಮ ಮನೆ, ಮನೆಯ ಎದುರಿಗೇ ಟ್ರಾನ್ಸ್‌ಫಾರ್ಮರ್. ಅದರ ಕಂಬಕ್ಕೆ ಕಟ್ಟಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಮೂರು ಬಿಳಿ ಪಿಂಗಾಣಿ ಫ್ಯೂಸುಗಳಿವೆ. ಅವನ್ನು ಕಿತ್ತರೆ ಅಲ್ಲಿಂದ ಮುಂದಿನ ತಂತಿಯಲ್ಲಿ ಕರೆಂಟಿಲ್ಲ. ಯಾವ ಕಂಬ ಹತ್ತುವ ಮೊದಲೂ ಅವರು ಆ ಮೂರನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಪೆಟ್ಟಿಗೆಯಲ್ಲೇ ಬಿಟ್ಟರೆ ಯಾರಾದರೂ ಹಾಕಿಬಿಡುತ್ತಾರೆ ಎಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು.

ನಮ್ಮ ಮೊದಲ ಭೇಟಿ ಜಗಳದ್ದು. ವಿಶ್ವವಿದ್ಯಾಲಯದ ಓದು ಮುಗಿಸಿ, ಕೆಲವು ಕಾಲ ಪುತ್ತೂರಿನಲ್ಲಿ ಪಾಠ ಹೇಳಿ, ಅದನ್ನು ಬಿಟ್ಟು ನಾನು ಮನೆಯ ಕಾರ್ ಶೆಡ್ಡಿನಲ್ಲಿ ಮಣ್ಣಿನ ಕೆಲಸ ಶುರುಮಾಡಿದ್ದೆ. ಪಾತ್ರೆ ಸುಡಲು ಕರೆಂಟಿನ ಗೂಡು ತರಿಸಿದ್ದೆ. ಅದು ಉರಿಯುವಾಗ ಸುತ್ತಲಿನ ಮನೆಗಳ ಬಲ್ಬುಗಳು ಮಂಕಾಗುತ್ತವೆಂದು ಯಾರೋ ಕರೆಂಟಾಫೀಸಿಗೆ ಹೇಳಿದ್ದರು. ಲೈನ್‌ಮ್ಯಾನ್ ಬಂದು, ಶೆಡ್ಡಿನ ಬಾಗಿಲಲ್ಲಿ ನಿಂತು, ಗೂಡನ್ನು ಬಹಳ ಹೊತ್ತು ನೋಡಿದರು.

"ಇದರಲ್ಲಿ ಎಂತ ಬೇಯಿಸುದು?"

"ಕಪ್ಪು, ತಟ್ಟೆ."

"ಅಂಗಡಿಯಲ್ಲಿ ಸಿಗುದಿಲ್ವಾ ಅದು?"

ಅವರು ಮೀಟರು ನೋಡಿದರು, ವೈರು ಮುಟ್ಟಿ ನೋಡಿದರು. "ಒಂದೇ ಫೇಸಿನಲ್ಲಿ ಇಷ್ಟು ಎಳೆದ್ರೆ ಊರಿನವರು ನನ್ನನ್ನು ಬಿಡ್ತಾರಾ ಮಾರಾಯ್ರೆ? ತ್ರೀ ಫೇಸಿಗೆ ಅರ್ಜಿ ಕೊಡಿ. ಅಲ್ಲಿವರೆಗೆ ನನಗೆ ಹೇಳದೆ ಇದನ್ನು ಹಾಕ್ಲಿಕ್ಕಿಲ್ಲ. ಹಾಕಿದ್ರೆ ಲೈನು ಕಟ್."

ಹಾಗೆ ನನ್ನ ಕೆಲಸ ಅವರ ಮಾತಿಗೆ ಸಿಕ್ಕಿಬಿತ್ತು. ಪ್ರತಿ ಸಲ ಗೂಡು ತುಂಬುವ ಮೊದಲು ಫೋನ್ ಮಾಡಬೇಕು. "ನಾಳೆ ಸುಡಬಹುದಾ ಅಣ್ಣ?" ಎಂದರೆ ಒಂದೇ ಉತ್ತರ: "ನೋಡುವ." ಹೌದು ಎಂದಾಗಲಿ, ನಾಳೆ ಕರೆಂಟು ಹೋಗುವುದಿಲ್ಲ ಎಂದಾಗಲಿ ಅವರು ಒಂದು ಸಲವೂ ಹೇಳಿದವರಲ್ಲ. ಆ ನೋಡುವ ಎಂಬ ಮಾತಿನ ಮೇಲೆ ನಾನು ವಾರದ ಕೆಲಸವನ್ನೆಲ್ಲ ಹೊಂದಿಸಿಕೊಳ್ಳಬೇಕಿತ್ತು. ಸಿಟ್ಟು ಬರುತ್ತಿತ್ತು, ತೋರಿಸುವ ಅಭ್ಯಾಸ ನನಗಿಲ್ಲ.

ತ್ರೀ ಫೇಸಿನ ಅರ್ಜಿಯ ಹಿಂದೆ ಓಡಾಡಿ ಅದನ್ನು ಮಂಜೂರು ಮಾಡಿಸಿದ್ದೂ ಅವರೇ. ಆ ದಿನಗಳಲ್ಲಿ ಶೆಡ್ಡಿಗೆ ಬಂದು ಕೂರುವುದು ರೂಢಿಯಾಯಿತು. ಕಪಾಟಿನಿಂದ ಒಂದು ಕಪ್ಪು ತೆಗೆದು, ಕಟಿಂಗ್ ಪ್ಲೇಯರಿನ ಹಿಡಿಯಿಂದ ಮೆಲ್ಲಗೆ ತಟ್ಟಿ, ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಕಂಬದ ಮೇಲೆ ತಂತಿ ಕೂರಿಸುವ ಪಿಂಗಾಣಿ ಇನ್ಸುಲೇಟರಿಗೂ ಅವರು ಹೊಸದನ್ನು ಕಟ್ಟುವ ಮೊದಲು ಹಾಗೇ ಮಾಡುತ್ತಿದ್ದರಂತೆ. ಬಿರುಕಿದ್ದರೆ ಸದ್ದು ಸತ್ತಂತಿರುತ್ತದೆ. ನಾನೂ ಅದೇ ಪರೀಕ್ಷೆ ಮಾಡುವವಳು. ನನ್ನದು ಪ್ಯಾಕ್ ಮಾಡುವ ಮೊದಲು, ಅವರದು ಮೇಲೆ ಹತ್ತುವ ಮೊದಲು.

ಒಮ್ಮೆ ಒಡೆದ ಇನ್ಸುಲೇಟರೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಬೆಳ್ಳಗೆ, ಹೊರಗೆ ಕಂದು ಬಣ್ಣದ ಗ್ಲೇಜು, ಗಾಜಿನಂಥ ಹೊಳಪಿನ ಲೇಪ. "ಇಂಥದ್ದು ಮಾಡ್ಲಿಕ್ಕೆ ಬರ್ತದಾ ನಿಮಗೆ?"

"ಬಣ್ಣ ಮಾಡಬಹುದು. ಇದರ ಗಟ್ಟಿ ನನ್ನ ಗೂಡಿನಲ್ಲಿ ಬರುದಿಲ್ಲ."

"ಹಾಗಾದ್ರೆ ಕಪ್ಪೇ ಮಾಡಿ. ಕಪ್ಪು ಒಡೆದ್ರೆ ಚಾ ಮಾತ್ರ ಚೆಲ್ಲುದು."

ಅವರಿಗೆ ತಪ್ಪು ತಿಳಿವಳಿಕೆಗಳೂ ಇದ್ದವು. ಗೂಡಿನ ಬಿಸಿಗೆ ಸಿಡಿಲು ಆಕರ್ಷಿತವಾಗುತ್ತದೆ ಎಂದು ಬಲವಾಗಿ ನಂಬಿದ್ದರು. ನಾನು ಎಷ್ಟು ಬಿಡಿಸಿ ಹೇಳಿದರೂ "ನೀವು ಪುಸ್ತಕದ್ದು ಹೇಳುದು" ಎಂದು ಅಲ್ಲಿಗೇ ಮುಗಿಸುತ್ತಿದ್ದರು. ಬಸಿ ಇಲ್ಲದೆ ಚಹಾ ಕುಡಿಯುತ್ತಿರಲಿಲ್ಲ. ನಾನು ಮಾಡುವ ದೊಡ್ಡ ಕಪ್ಪುಗಳಿಗೆ ಬಸಿ ಇರುತ್ತಿರಲಿಲ್ಲ. "ಬಸಿ ಇಲ್ಲದ ಕಪ್ಪು ಎಂತ ಕಪ್ಪು?" ಎಂದು ಪ್ರತಿ ಸಲ ಕೇಳಿ ಕೇಳಿ, ಕೊನೆಗೆ ಅವರೊಬ್ಬರಿಗಾಗಿ ಒಂದು ಬಸಿ ಮಾಡಿದೆ. ಅದರಲ್ಲಿ ಚಹಾ ಸುರಿದು, ಊದಿ, ಕುಡಿದು, "ಸ್ವಲ್ಪ ಆಳ ಜಾಸ್ತಿಯಾಯ್ತು" ಎಂದರು.

ಅವರನ್ನು ನೆನೆದರೆ ನನಗೆ ಮೊದಲು ಬರುವುದು ಒಂದು ಮೇ ತಿಂಗಳ ಮಧ್ಯಾಹ್ನ.

ಮಂಗಳೂರಿನಲ್ಲಿ ಹೊಸದಾಗಿ ತೆರೆಯಲಿದ್ದ ಹೋಟೆಲೊಂದಕ್ಕೆ ತಟ್ಟೆಗಳನ್ನು ಮಾಡಿಕೊಡಲು ಒಪ್ಪಿದ್ದೆ. ನನಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಅವತ್ತು ಗೂಡಿನಲ್ಲಿದ್ದುದು ಕೊನೆಯ ಕಂತು, ಗ್ಲೇಜು ಕರಗಬೇಕಾದ ಸುಡುವಿಕೆ. ಗೂಡಿನ ಮೀಟರು ಸಾವಿರದ ನೂರು ಡಿಗ್ರಿ ದಾಟಿತ್ತು. ಇನ್ನು ಸ್ವಲ್ಪ ಏರಿದರೆ ಸಾಕು ಎನ್ನುವಾಗ ಗಾಳಿ ಎದ್ದಿತು. ರಬ್ಬರ್ ತೋಟದ ಕಡೆಯಿಂದ ಮರ ಮುರಿದ ಸದ್ದು ಕೇಳಿತು, ಗೂಡಿನ ಕೆಂಪು ದೀಪ ಆರಿತು. ಬಾಗಿಲು ತೆರೆಯುವಂತಿಲ್ಲ, ಏನೂ ಮಾಡುವಂತಿಲ್ಲ. ಕರೆಂಟು ಬೇಗ ಬಂದರೆ ಅಲ್ಲಿಂದಲೇ ಮೇಲೇರಿಸಬಹುದು. ತಡವಾದರೆ ಗ್ಲೇಜು ಅರ್ಧ ಕರಗಿ, ಗುಳ್ಳೆ ಎದ್ದು ನಿಲ್ಲುತ್ತದೆ. ಹೊಸದಾಗಿ ಮಾಡಿ ಸುಡುವಷ್ಟು ದಿನ ಉಳಿದಿರಲಿಲ್ಲ.

ಅವರು ಮಳೆಯಲ್ಲೇ ಸ್ಕೂಟರಿನಲ್ಲಿ ಬಂದರು. ಒಬ್ಬರೇ. ಜೊತೆಗೆ ಬರಬೇಕಾದವರು ಪೇಟೆಯ ಕಡೆ ಬಿದ್ದ ಇನ್ನೊಂದು ಮರದ ಹತ್ತಿರ ಸಿಕ್ಕಿಹಾಕಿಕೊಂಡಿದ್ದರು. ಪೆಟ್ಟಿಗೆ ತೆರೆದು ಫ್ಯೂಸು ಕಿತ್ತರು. ಜೇಬಿಗೆ ಹಾಕಿಕೊಳ್ಳಲಿಲ್ಲ. ಗೇಟಿನಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು ನನ್ನ ಎರಡು ಕೈಗೂ ಕೊಟ್ಟರು.

"ಮೇಡಂ, ನೀವು ಈ ಪೆಟ್ಟಿಗೆ ಹತ್ರ ನಿಲ್ಬೇಕು. ನನ್ನ ಜೇಬಿನಲ್ಲಿ ಇದ್ದು ಪ್ರಯೋಜನ ಇಲ್ಲ. ಹಳೇ ಫ್ಯೂಸು ಊರಿನಲ್ಲಿ ಬೇರೆಯವರ ಹತ್ರವೂ ಉಂಟು."

"ನಾನಾ?"

"ಕರೆಂಟು ಎಲ್ಲರಿಗಿಂತ ಜಾಸ್ತಿ ಬೇಕಾದದ್ದು ನಿಮಗೆ. ನೀವೇ ಕಾದು ನಿಂತ್ರೆ ಬೇರೆಯವರಿಗೆ ಬಾಯಿ ಇಲ್ಲ." ಎರಡು ಹೆಜ್ಜೆ ಹೋಗಿ ತಿರುಗಿದರು. "ನಾನೇ ಬಂದು ಕೈ ಚಾಚಿದ್ರೆ ಮಾತ್ರ ಕೊಡಿ. ಫೋನಿನಲ್ಲಿ ಹೇಳಿದೆ ಅಂತ ಯಾರು ಹೇಳಿದ್ರೂ ಕೊಡ್ಬೇಡಿ. ನಾನು ಮೇಲೆ ಫೋನ್ ಹಿಡ್ಕೊಂಡು ಹೋಗುದಿಲ್ಲ."

ಟ್ರಾನ್ಸ್‌ಫಾರ್ಮರಿನ ಕಂಬಕ್ಕೆ ಕಟ್ಟಿಟ್ಟಿದ್ದ ಏಣಿ ಬಿಚ್ಚಿ ಹೆಗಲಿಗೇರಿಸಿ ತಿರುವಿನ ಆಚೆ ಮರೆಯಾದರು.

ನಾನು ಕೊಡೆ ಹಿಡಿದು ಪೆಟ್ಟಿಗೆಯ ಎದುರು ನಿಂತೆ. ಫ್ಯೂಸುಗಳನ್ನು ಚೂಡಿದಾರದ ಶಾಲಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ದೆ. ಮಳೆ ನಿಂತಿತು. ಗೂಡು ಎಷ್ಟು ಇಳಿದಿರಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಒಂದು ಸಲ ಒಳಗೆ ಹೋಗಿ ನೋಡಿಬರೋಣ ಎನಿಸಿತು, ಹೋಗಲಿಲ್ಲ.

ಆಗ ಪಕ್ಕದ ಮನೆಯ ಮಾವ ಬಂದರು. ಸಂಬಂಧದಲ್ಲಿ ಮಾವನಲ್ಲ, ಕರೆದು ಅಭ್ಯಾಸ. ಮದುವೆ ಅಡುಗೆಯ ವಹಿವಾಟು ಅವರದು. ಮರುದಿನ ಒಂದು ಮದುವೆಯಿತ್ತು. ಕೈಯಲ್ಲಿ ಹಳೆಯ ಫ್ಯೂಸುಗಳಿದ್ದ ಪ್ಲಾಸ್ಟಿಕ್ ಚೀಲ.

"ಸ್ವಲ್ಪ ಆಚೆ ಸರಿ ನೋಡುವ ಮಗಳೇ. ಲೈನಿನ ಕೆಲಸ ಆಯ್ತದು."

"ಅವರು ಬರಲಿಲ್ಲ ಮಾವ."

"ಟೆರೇಸಿನಿಂದ ನೋಡಿಯೇ ಬಂದದ್ದು ನಾನು. ಕಂಬದಲ್ಲಿ ಜನ ಇಲ್ಲ. ಅವ ಕೆಲಸ ಮುಗಿಸಿ ಎಲ್ಲಿಯೋ ಚಾ ಕುಡೀಲಿಕ್ಕೆ ಕೂತಿದ್ದಾನೆ."

"ಸ್ಕೂಟರ್ ಇಲ್ಲೇ ಉಂಟು."

"ಗ್ರೈಂಡರಿನಲ್ಲಿ ಅರ್ಧ ಅರೆದ ಅಕ್ಕಿ ಉಂಟು. ನಾಳೆ ಬೆಳಿಗ್ಗೆ ಜನ ಬಂದು ಕೂತ್ರೆ ನಾನು ಎಂತ ಬಡಿಸುದು? ನಿನ್ನ ಫ್ಯೂಸಾ?"

ನಾನು ಅವರ ಎದುರಿಗೇ ಲೈನ್‌ಮ್ಯಾನಿಗೆ ಫೋನ್ ಮಾಡಿದೆ. ಅದು ಸ್ಕೂಟರಿನ ಸೀಟಿನ ಅಡಿಯಲ್ಲೇ ರಿಂಗಾಯಿತು. ಇಬ್ಬರೂ ಆ ಕಡೆ ನೋಡಿದೆವು.

"ನಿನ್ನ ಗೂಡೂ ಆರ್ತಾ ಉಂಟಲ್ಲ," ಎಂದು ಮಾವ ಸ್ವರ ತಗ್ಗಿಸಿದರು. "ಆ ಮಂಗಳೂರಿನವರದ್ದು ಅಲ್ವಾ? ಒಂದು ನಿಮಿಷದ ಕೆಲಸ. ನಾನು ಹಾಕ್ತೇನೆ, ನೀನು ಸ್ವಲ್ಪ ಆಚೆ ನಿಲ್ಲು."

ಮಾವ ಹೇಳಿದ್ದು ನಿಜವಿರಬಹುದು ಎಂದು ನನಗೂ ಅನಿಸಿತ್ತು. ಅಷ್ಟು ಹೊತ್ತು ಬೇಕಾಗುವ ಕೆಲಸವಾಗಿರಲಿಲ್ಲ. ನಾನು ಹಿಂದಕ್ಕೆ ಸರಿದು ಪೆಟ್ಟಿಗೆಯ ಬಾಗಿಲಿಗೆ ಬೆನ್ನು ಕೊಟ್ಟೆ.

"ಅವರು ಬರಲಿ ಮಾವ."

"ನಾನು ಸಣ್ಣ ಪ್ರಾಯದಿಂದ ಹಾಕಿದ ಫ್ಯೂಸು ಇದು. ನೀನು ನಿನ್ನೆ ಮೊನ್ನೆ ಮಣ್ಣು ಕಲಸ್ಲಿಕ್ಕೆ ಕೂತವಳು."

"ಅವರು ಬರಲಿ."

"ಓದಿದ್ದು ಜಾಸ್ತಿಯಾದ್ರೆ ಹೀಗೇ."

ನಾನು ಯಾರಿಗೂ ಎದುರು ನಿಂತು ಮಾತಾಡಿದವಳಲ್ಲ. ಅಂಗಡಿಯಲ್ಲಿ ಹಾಳಾದ ಸಾಮಾನು ಕೊಟ್ಟರೂ ಸುಮ್ಮನೆ ತರುವವಳು. ಮಾವ ಬೈಯುತ್ತಲೇ ಇದ್ದರು. ನಾನು ತಿರುವನ್ನು ನೋಡುತ್ತ, ಜೇಬಿನ ಸದ್ದಿಗೆ ಕಿವಿಗೊಟ್ಟೆ. ಆ ಸದ್ದು ಬರಲಾರದೆಂದು ಹೊಳೆದದ್ದು ಸ್ವಲ್ಪ ತಡವಾಗಿ. ಫ್ಯೂಸುಗಳು ನನ್ನ ಬಳಿಯೇ ಇದ್ದವು. ಇನ್ನು ಅವರು ಬರುವುದು ಕಣ್ಣಿಗೆ ಕಂಡರೆ ಮಾತ್ರ ತಿಳಿಯಬೇಕು.

ಕೊನೆಗೆ ಅವರು ಸದ್ದಿಲ್ಲದೆ ಬಂದರು. ತೋಳಿನಲ್ಲಿ ಗೀರಿದ ಗಾಯ, ತಲೆಯಲ್ಲಿ ರಬ್ಬರ್ ಎಲೆ. ಮಾವನ ಕೈಯ ಚೀಲವನ್ನೂ, ಪೆಟ್ಟಿಗೆಗೆ ಒರಗಿದ ನನ್ನನ್ನೂ ನೋಡಿದರು. ನನ್ನ ಎದುರು ನಿಂತು ಕೈ ಚಾಚಿದರು. ಶಾಲು ಬಿಚ್ಚಿ ಒಂದೊಂದಾಗಿ ಕೊಟ್ಟೆ. ಒರೆಸಿ, ಹಾಕಿ, ಬಾಗಿಲು ಮುಚ್ಚಿದರು.

"ಎಂತ ಮಾವ, ಅಕ್ಕಿ ಹುಳಿ ಬಂತಾ?"

"ನೀನು ಎಲ್ಲಿ ಸತ್ತಿದ್ದೆ ಮಾರಾಯ ಇಷ್ಟು ಹೊತ್ತು?"

"ಸಾಯ್ಲಿಲ್ಲ. ಅದಕ್ಕೇ ತಡ ಆದದ್ದು."

ಮಾವ ಚೀಲವನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ಲೈನ್‌ಮ್ಯಾನ್ ಶೆಡ್ಡಿಗೆ ಬಂದು ಕೂತರು. ಬಸಿಯಲ್ಲಿ ಚಹಾ ಸುರಿದುಕೊಂಡರು. ಟೆರೇಸಿನಿಂದ ಕಾಣುವ ಕಂಬದ ಕೆಲಸ ಬೇಗ ಮುಗಿದಿತ್ತಂತೆ. ಅದರ ಆಚೆಯ ಇಳಿಜಾರಿನಲ್ಲಿ ಇನ್ನೊಂದು ಕಂಬದ ತಂತಿಯೂ ತುಂಡಾಗಿತ್ತು. "ಮಾವ ನಿಮ್ಮ ಹತ್ರ ಮಾತಾಡುವ ಹೊತ್ತಿಗೆ ನಾನು ತಂತಿಯನ್ನು ಎರಡು ಕೈಯಲ್ಲಿ ಹಿಡಿದು ಎಳೀತಾ ಇದ್ದೆ," ಎಂದರು. ಆಮೇಲೆ ಗೂಡಿನ ಕಡೆ ನೋಡಿ, "ಹೋಯ್ತಾ ಅದು?" ಎಂದು ಕೇಳಿದರು.

"ಹೋಯ್ತು."

ಅವರು ತಲೆಯಾಡಿಸಿದರು. ಕೃತಜ್ಞತೆಯ ಮಾತು ಅವರೂ ಆಡಲಿಲ್ಲ, ನಾನೂ ನಿರೀಕ್ಷಿಸಲಿಲ್ಲ. ಗೂಡು ತೆರೆದಾಗ ತಟ್ಟೆಗಳ ಮೇಲೆಲ್ಲ ಗುಳ್ಳೆ. ಹೋಟೆಲಿನವರು ಬೇರೆ ಕಡೆಯಿಂದ ತರಿಸಿಕೊಂಡರು, ಮತ್ತೆ ನನ್ನನ್ನು ಕೇಳಲಿಲ್ಲ. ಮದುವೆ ಮುಗಿದ ಸಂಜೆ ಮಾವನ ಮನೆಯಿಂದ ಹಿಡಿಯಿರುವ ಒಂದು ತೂಕುಪಾತ್ರೆಯ ತುಂಬ ಪಾಯಸ ಬಂತು.

ಅಂದಿನಿಂದ ನಮ್ಮ ತಿರುವಿನ ಲೈನಿನಲ್ಲಿ ಕೆಲಸವಿದ್ದರೆ ಅವರು ಮೊದಲು ಬರುತ್ತಿದ್ದುದು ನಮ್ಮ ಗೇಟಿಗೆ. ಜೊತೆಗೆ ಜನ ಇದ್ದರೂ ಬರುತ್ತಿದ್ದರು. ಗೂಡು ಉರಿಯುತ್ತಿರಲಿ, ತಣ್ಣಗಿರಲಿ, ನಾನು ಕೈ ತೊಳೆದು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಮೊದಮೊದಲು ಬಸ್ಸಿನ ಕಿಟಕಿಯಿಂದ ಜನ ತಿರುಗಿ ನೋಡುತ್ತಿದ್ದರು. ಆಮೇಲೆ ಅದು ಆ ಜಾಗದ ಒಂದು ವಸ್ತುವಿನಂತಾಯಿತು. ಓದು, ಅಂಕಗಳು ಎಂದು ನನ್ನನ್ನು ಮೆಚ್ಚಿದವರು ಅನೇಕರಿದ್ದರು. ತಮ್ಮ ಜೀವವನ್ನು ನನ್ನ ಕೈಗೆ ಕೊಟ್ಟು ಕಂಬ ಹತ್ತಿದವರು ಅವರೊಬ್ಬರೇ.

ಈ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅವರು ತೀರಿಕೊಂಡರು. ಕಂಬದಿಂದ ಬಿದ್ದಲ್ಲ, ಕರೆಂಟು ತಾಗಿಯೂ ಅಲ್ಲ. ಜ್ವರವೆಂದು ಪುತ್ತೂರಿನ ಆಸ್ಪತ್ರೆಗೆ ಸೇರಿದವರು ಮನೆಗೆ ಬರಲಿಲ್ಲ. ನನಗೆ ಸುದ್ದಿ ತಿಳಿದಾಗ ಎಲ್ಲ ಮುಗಿದಿತ್ತು. ಇಚಿಲಂಪಾಡಿಯ ಅವರ ಮನೆಗೆ ಆ ದಿನವೇ ಮೊದಲ ಸಲ ಹೋದದ್ದು. ಅಂಗಳದ ಹಗ್ಗದಲ್ಲಿ ಖಾಕಿ ಪ್ಯಾಂಟು ಒಣಗಲು ಹಾಕಿತ್ತು, ಜೇಬು ಹೊರಗೆ ಮಗುಚಿ, ಕಪ್ಪು ಬಟ್ಟೆ ಮೇಲಾಗಿ. ನಾನು ಯಾರೆಂದು ಹೇಗೆ ಹೇಳುವುದು ಎಂದು ಬಾಗಿಲಲ್ಲಿ ತಡವರಿಸುತ್ತಿದ್ದಾಗ ಅವರ ಹೆಂಡತಿ ಎದ್ದು ಬಂದರು.

"ನೀವು ಫ್ಯೂಸಿನ ಮೇಡಮಾ?"

ಹೌದೆಂದೆ.

"'ಮೇಡಂ ನಿಂತಿದ್ರೆ ನನಗೆ ಹೆದರಿಕೆ ಇಲ್ಲ' ಅಂತ ಇವರು ಹೇಳ್ತಿದ್ರು," ಎಂದು ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವರು ನನಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಶೆಡ್ಡಿನಲ್ಲಿ ಕಪ್ಪುಗಳಿಗೆ ಹಿಡಿ ಅಂಟಿಸುತ್ತಿರುವಾಗ ಕರೆಂಟು ಹೋಯಿತು. ಸ್ವಲ್ಪ ಹೊತ್ತಿನಲ್ಲಿ ಹೊರಗೆ ಬೈಕು ನಿಂತ ಸದ್ದು. ಹೊಸ ಲೈನ್‌ಮ್ಯಾನ್, ಅವರು ಆಸ್ಪತ್ರೆ ಸೇರಿದ ಮೇಲೆ ಬಂದ ಬಾಗಲಕೋಟೆಯ ಕಡೆಯವರು, ಜಿನುಗುವ ಮಳೆಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದರು. ನಾನು ಕೈ ತೊಳೆದು, ಕೊಡೆ ಬಿಡಿಸಿ, ರಸ್ತೆ ದಾಟಿ ಹೋದೆ.

"ಏನ್ರಿ ಮೇಡಂ? ಕರೆಂಟು ಜಲ್ದಿ ಬೇಕೇನ್ರಿ?"

"ಇಲ್ಲ. ನೀವು ನಿಧಾನಕ್ಕೆ ಮಾಡಿ," ಎಂದೆ. "ಫ್ಯೂಸು ನನ್ನ ಹತ್ರ ಕೊಟ್ಟು ಹೋಗಿ. ನೀವೇ ಬಂದು ಕೈ ಚಾಚುವ ತನಕ ಯಾರಿಗೂ ಕೊಡುದಿಲ್ಲ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮೂರನ್ನೂ ಕಿತ್ತು ನನ್ನ ಕೈಗಿಟ್ಟರು. ನಾನು ಪೆಟ್ಟಿಗೆಗೆ ಬೆನ್ನು ಕೊಟ್ಟು, ತಿರುವಿನ ಕಡೆ ಮುಖ ಮಾಡಿ ನಿಂತೆ.