ಅಕ್ಕನಿಗೆಂದು ಕಟ್ಟಿಸಿದ ಬಿಸಿಲು ಕೋಣೆ

ನನ್ನ ಅಕ್ಕನನ್ನು ನಾನು ಗಾಜಿನ ಕೋಣೆಯಲ್ಲಿ ಕೂರಿಸಿ ಹೊರಗಿನಿಂದ ಚಿಲಕ ಹಾಕಿದೆ. ಆ ಬಾಗಿಲಿನ ಮುಂದೆಯೇ ನಿಂತು, ಅವಳ ಕಿವಿಗೆ ಬೀಳುವಂತೆ, ಅವಳ ಮೇಲೆ ಒಂದು ಸುಳ್ಳು ಹೊರಿಸಿದೆ. ನನ್ನ ಮಗಳು ಆ ಸುಳ್ಳನ್ನು ನಂಬಿ ಅತ್ತೆಯನ್ನು ದ್ವೇಷಿಸಿದಳು. ಅಕ್ಕ ಈಗಿಲ್ಲ. ಇದನ್ನು ಇನ್ನು ಯಾರಿಗೆ ಹೇಳಿದರೂ ಅವಳಿಗೆ ತಲುಪುವುದಿಲ್ಲ — ಗೊತ್ತಿದ್ದೇ ಬರೆಯುತ್ತಿದ್ದೇನೆ.

ಅಕ್ಕನ ಹೆಸರು ನಂಜಮ್ಮ. ನಮ್ಮೂರು ಯಳಂದೂರಿನ ಹತ್ತಿರದ ಹೊನ್ನೂರು. ಅವ್ವ ಸತ್ತಾಗ ನಾನಿನ್ನೂ ಸ್ಲೇಟು ಹಿಡಿಯುವ ವಯಸ್ಸಿನವನು. ನನ್ನನ್ನು ಸಾಕಿದವಳು ಅಕ್ಕ. ಕಂಡವರ ಗದ್ದೆಯಲ್ಲಿ ಕಳೆ ಕಿತ್ತು, ಕಬ್ಬಿನ ಸೋಗೆ ಹೊತ್ತು ನನ್ನನ್ನು ಕೊಳ್ಳೇಗಾಲದ ಕಾಲೇಜಿನವರೆಗೆ ಓದಿಸಿದಳು. ಅವಳಿಗೆ ಮದುವೆಯಾಗಲಿಲ್ಲ. ಹರೆಯದಲ್ಲೇ ತುಟಿಯ ಅಂಚಿನಲ್ಲಿ ಬಿಳಿ ಮಚ್ಚೆ ಕಾಣಿಸಿಕೊಂಡು, ಕೈಗೆ, ಕುತ್ತಿಗೆಗೆ ಹಬ್ಬಿತ್ತು. ನೋಡಲು ಬಂದ ಗಂಡಿನ ಕಡೆಯವರು ಕಾಫಿಯನ್ನೂ ಕುಡಿಯದೆ ಎದ್ದು ಹೋಗಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮತ್ತೊಬ್ಬರು ಬರಲಿಲ್ಲ.

ನನಗೆ ಮೇಷ್ಟ್ರ ಕೆಲಸ ಸಿಕ್ಕಿ, ಕೊಳ್ಳೇಗಾಲದ ಬಡಾವಣೆಯಲ್ಲಿ ಮನೆ ಕಟ್ಟಿದಾಗ ಅಕ್ಕನನ್ನು ಕರೆದುಕೊಂಡು ಬಂದೆ. ನನ್ನ ಮಗಳು ಕಾವ್ಯ ಬೆಳೆದದ್ದು ಅವಳ ಮಡಿಲಲ್ಲೇ. ಬೆಳಗಿನ ಹೊತ್ತು ಅಕ್ಕ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತ, ದಾರಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು. ಬೀದಿಗೆಲ್ಲ ಅವಳು ಗೊತ್ತು. ಅವಳ ಕೈಯ ಬಣ್ಣ ಅಲ್ಲಿ ಯಾರಿಗೂ ಲೆಕ್ಕಕ್ಕಿರಲಿಲ್ಲ. ಕಾವ್ಯ ಮೈಸೂರಿನಲ್ಲಿ ಬಿ.ಎಡ್. ಓದುವಾಗ ಸಂಬಂಧಗಳು ಬರತೊಡಗಿದವು. ಆವರೆಗೆ ನನಗೂ ಲೆಕ್ಕಕ್ಕಿರಲಿಲ್ಲ ಎಂದುಕೊಂಡಿದ್ದೆ.

ಆಗ ನನ್ನನ್ನು ಕಾಡಿದ ಯೋಚನೆಯನ್ನು ಹೇಳಲು ಈಗಲೂ ನಾಲಿಗೆ ಏಳುವುದಿಲ್ಲ — ಬಂದವರು ಮೊದಲು ನೋಡುವುದು ಅಕ್ಕನನ್ನು. ಮನೆತನದಲ್ಲಿದೆ, ಹುಡುಗಿಗೂ ಬರಬಹುದು ಎನ್ನುತ್ತಾರೆ. ಮುಂಬಾಗಿಲಿನಿಂದ ಅವಳನ್ನು ಎಬ್ಬಿಸಬೇಕು. ಆದರೆ ಏಳು ಎಂದು ಹೇಳುವ ಧೈರ್ಯ...

ಹಿತ್ತಲಿನಲ್ಲಿ, ಅಡುಗೆಮನೆಗೆ ಹೊಂದಿಕೊಂಡು, ಬಟ್ಟೆ ಒಗೆಯುವ ಕಲ್ಲು ಇದ್ದ ತೆರೆದ ಜಾಗಕ್ಕೆ ನೆಲ ಹಾಕಿಸಿದೆ. ಸುತ್ತ ಅಲ್ಯುಮಿನಿಯಂ ಚೌಕಟ್ಟು, ಗಾಜು, ಮೇಲೆ ಬೆಳಕು ಇಳಿಯುವ ಶೀಟು. ಗಾಜಿಗೆಲ್ಲ ಮಬ್ಬು ಹಾಳೆ ಅಂಟಿಸಿದೆ. "ಡಾಕ್ಟ್ರು ಹೇಳಿದ್ದಾರೆ ಅಕ್ಕ, ನಿನ್ನ ಮೈಗೆ ಬೆಳಗಿನ ಬಿಸಿಲು ಒಳ್ಳೇದಂತೆ" ಎಂದೆ. ಯಾವ ಡಾಕ್ಟರನ್ನೂ ನಾನು ಕೇಳಿರಲಿಲ್ಲ. ಮಬ್ಬು ಹಾಳೆ ಯಾಕೆ ಎಂದಳು. ಕಣ್ಣು ಕೋರೈಸಬಾರದು ಎಂದೆ.

ಅಕ್ಕ ಅದನ್ನೂ ನಂಬಿದಳು. ಪಕ್ಕದ ಮನೆಯವರನ್ನು ಕೈಹಿಡಿದು ಕರೆತಂದು ತೋರಿಸಿದಳು. "ನೋಡವ್ವ, ನಂಗೇಂತವ ಅರ್ಮನೆ ಕಟ್ಸವ್ನೆ ನನ್ ತಮ್ಮ. ಯಾರ್ ಮಾಡ್ತರೆ ಯೋಳು, ಈ ಕಾಲ್ದಲ್ಲಿ?" ನಾನು ಅಲ್ಲೇ ನಿಂತಿದ್ದೆ. ನಗುತ್ತಿದ್ದೆ.

ಹನೂರಿನಿಂದ ಒಂದು ಒಳ್ಳೆಯ ಸಂಬಂಧ ಬಂತು. ಹುಡುಗನಿಗೆ ಸರ್ಕಾರಿ ಕೆಲಸ, ಮರ್ಯಾದಸ್ಥರ ಮನೆ. ಅವರು ಬರುವ ದಿನ, ಕಾವ್ಯ ಮೈಸೂರಿನಿಂದ ಬಂದಿಳಿಯುವ ಮೊದಲೇ ನಾನು ಗಾಜಿನ ಕೋಣೆಯಲ್ಲಿದ್ದ ಅಕ್ಕನ ಹತ್ತಿರ ಹೋದೆ. ತಡವರಿಸಿ, ಸುತ್ತಿ ಬಳಸಿ ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಿಂದ ಕೈ ಮುಚ್ಚಿಕೊಂಡಳು.

"ಆಯ್ತು ಬುಡು. ಮಗಿಗೆ ಒಳ್ಳೇದಾದ್ರೆ ಸಾಕು. ಅವ್ರು ಓಗಗಂಟ ನಾ ಈಚ್ಗೆ ಬರಕಿಲ್ಲ ಕಣಪ್ಪ" ಎಂದಳು.

ಅಷ್ಟು ಹೇಳಿದ್ದಳು. ಅವಳು ಕೊಟ್ಟ ಮಾತಿಗೆ ಎಂದೂ ತಪ್ಪಿದವಳಲ್ಲ. ಆದರೂ ನಾನು ಹೊರಗೆ ಬಂದು ಚಿಲಕ ಹಾಕಿದೆ. ಸದ್ದಾಗಬಾರದೆಂದು ಮೆಲ್ಲಗೆ ಹಾಕಿದೆ — ಸದ್ದು ಆಯಿತು.

ಕಾವ್ಯ ಬಂದವಳೇ ಅತ್ತೆ ಎಲ್ಲಿ ಎಂದಳು. ಹೊನ್ನೂರಿಗೆ ಹೋದಳು ಎಂದೆ. ಇವತ್ತೇ ಯಾಕೆ ಎಂದು ಕೇಳಿದಳು. ಈ ಸಂಬಂಧ ಅವಳಿಗೆ ಇಷ್ಟವಿಲ್ಲ, ಕೋಪ ಮಾಡಿಕೊಂಡು ಹೋದಳು ಎಂದುಬಿಟ್ಟೆ. ಮೊದಲೇ ಯೋಚಿಸಿದ್ದ ಮಾತಲ್ಲ ಅದು. ಆದರೆ ಬಾಯಿಗೆ ಎಷ್ಟು ಸಲೀಸಾಗಿ ಬಂತು! ನನ್ನ ಹೆಂಡತಿ ರತ್ನ ತಲೆ ತಗ್ಗಿಸಿ ಉಪ್ಪಿಟ್ಟು ತಿರುವುತ್ತಿದ್ದಳು. ಅವಳಿಗೆ ಎಲ್ಲ ಗೊತ್ತಿತ್ತು. ಆದರೆ ಮಾತು ನನ್ನದು, ಚಿಲಕ ಹಾಕಿದ ಕೈಯೂ ನನ್ನದು.

ಹುಡುಗಿ ಅವರಿಗೆ ಹಿಡಿಸಿದಳು. ಮುಂದಿನ ಕೋಣೆಯಲ್ಲಿ ನಗು ಕೇಳುತ್ತಿತ್ತು. ಹುಡುಗನ ತಂದೆ ಕೈ ತೊಳೆಯಲೆಂದು ಹಿಂದಕ್ಕೆ ಬಂದವರು ಗಾಜಿನ ಬಾಗಿಲ ಮುಂದೆ ನಿಂತರು.

"ಇದೇನ್ ಸಾ, ಇಂದ್ಗಡೆ ಗಾಜಾಕ್ಸಿದ್ದೀರಿ?"

"ಹಳೇ ಸಾಮಾನು ಇಡೋಕೆ" ಎಂದೆ.

ಮಬ್ಬು ಹಾಳೆಯ ಹಿಂದೆ, ಗೋಡೆಯ ಮೂಲೆಯಲ್ಲಿ, ಕುಕ್ಕರುಗಾಲಲ್ಲಿ ಕೂತ ಒಂದು ನೆರಳು ನನಗೆ ಕಾಣುತ್ತಿತ್ತು. ಅವರಿಗೆ ಕಾಣಲಿಲ್ಲ.

"ನಿಮ್ಗೊಬ್ರು ಅಕ್ಕ ಅವ್ರಂತಲ್ಲ, ಸಾಕಿ ಬೆಳೆಸ್ದೋರು? ಅವ್ರನ್ನ ಕಾಣ್ನಿಲ್ಲ?" ಅವರ ದನಿಯಲ್ಲಿ ಗೌರವವಿತ್ತು. ಈಗ ನೆನೆದರೆ, ಅವರು ಅಕ್ಕನಿಗೆ ನಮಸ್ಕಾರ ಮಾಡಲೆಂದೇ ಕೇಳಿದ್ದರೋ ಏನೋ. ಬಿಳಿ ಮಚ್ಚೆಯ ಸಂಗತಿ ಹೇಳಿದ್ದರೆ ಬೇಡವೆನ್ನುತ್ತಿದ್ದರೋ, ಅದಕ್ಕೇನಂತೆ ಎನ್ನುತ್ತಿದ್ದರೋ — ನಾನು ಹೇಳಲೇ ಇಲ್ಲವಲ್ಲ.

"ಅವಳಿಗೂ ನಮಗೂ ಈಗ ಸಂಬಂಧ ಇಲ್ಲ. ಜಗಳ ಮಾಡ್ಕೊಂಡು ಊರಿಗೆ ಹೋದಳು. ಬಾಯಿ ಸರಿಯಿಲ್ಲ ಅವಳದು" ಎಂದೆ.

ಒಳಗಿನ ನೆರಳು ಅಲುಗಲಿಲ್ಲ.

ಅವರೆಲ್ಲ ಹೋಗಿ, ಕಾವ್ಯಳನ್ನು ಮೈಸೂರು ಬಸ್ಸಿಗೆ ಹತ್ತಿಸಿ ಬಂದ ಮೇಲೆ ಬಾಗಿಲು ತೆಗೆದೆ. ಕಾದ ಗಾಳಿ ಮುಖಕ್ಕೆ ಹೊಡೆಯಿತು. ಅದು ಬೇಸಿಗೆ, ಮೇಲಿನ ಶೀಟು ಕಾದು ಕೋಣೆ ಒಲೆಯಂತಾಗಿತ್ತು. ಅಕ್ಕನ ಸೀರೆ ಬೆವರಿನಲ್ಲಿ ತೊಯ್ದು ಮೈಗೆ ಅಂಟಿತ್ತು. ಗೋಡೆ ಹಿಡಿದು ಎದ್ದಳು. ಬೈಯಲಿಲ್ಲ, ಅಳಲಿಲ್ಲ.

"ನೀ ಯೋಳಿದ್ದು ಸುಳ್ಳಾಗ್ಬಾರ್ದು ಕಣ್ಲಾ ಸಿದ್ದೂ" ಎಂದಳು. "ನಾಳೆ ಯಾರಾರ ನನ್ನ ಇಲ್ಲಿ ಕಂಡ್ರೆ ಮಗಿನ್ ಬಾಳು ಕೆಟ್ಟೋಯ್ತದೆ. ನಾ ಊರ್ಗೇ ಓಯ್ತೀನಿ."

ಬೇಡ ಎಂದು ನಾನು ಅನ್ನಬೇಕಿತ್ತು. ಕಾಲು ಹಿಡಿಯಬೇಕಿತ್ತು. ನನ್ನ ಎದೆಯಲ್ಲಿ ಆಗ ಎದ್ದದ್ದು — ಇದನ್ನು ಬರೆಯದೆ ಹೋದರೆ ಉಳಿದದ್ದೆಲ್ಲ ವ್ಯರ್ಥ — ನೆಮ್ಮದಿ. ಮಾರನೆಯ ದಿನ ಯಳಂದೂರು ಬಸ್ಸಿಗೆ ಅವಳ ಚೀಲವನ್ನು ನಾನೇ ಎತ್ತಿಟ್ಟೆ.

ಲಗ್ನಪತ್ರಿಕೆ ಅಚ್ಚಾದ ಮೇಲೆ ಕಾವ್ಯ ಯಾರ ಮಾತೂ ಕೇಳದೆ ಅತ್ತೆಯನ್ನು ಮದುವೆಗೆ ಕರೆಯಲು ಒಬ್ಬಳೇ ಹೊನ್ನೂರಿಗೆ ಹೋದಳು. ದಾಯಾದಿಯೊಬ್ಬರ ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಅಕ್ಕ ಇದ್ದಳು. ಹೊಸ್ತಿಲಲ್ಲೇ ನಿಂತು, ಮಗಳನ್ನು ಒಳಗೂ ಕರೆಯದೆ, "ನಂಗೆ ಮನಸ್ ಬರ್ನಿಲ್ಲ ಕಣವ್ವ. ನೀ ಓಗು" ಎಂದಳಂತೆ. ಕಾವ್ಯ ಮನೆಗೆ ಬಂದು ಊಟ ಬಿಟ್ಟು ಅತ್ತಳು. ಇನ್ನು ಆ ಹೆಂಗಸಿನ ಹೆಸರೆತ್ತಬೇಡಿ ಎಂದಳು. ನಾನು ಅವಳ ತಲೆ ಸವರಿ ಸಮಾಧಾನ ಮಾಡಿದೆ. ಆ ಹೊತ್ತಿನಲ್ಲಿ ಒಂದೇ ಒಂದು ಮಾತು ಆಡಿದ್ದರೆ...

ಹನೂರಿನ ಮಂಟಪದಲ್ಲಿ ಮದುವೆ ಆಯಿತು. ಹೊನ್ನೂರಿನ ಯಾರನ್ನೂ ನಾನು ಕರೆಯಲಿಲ್ಲ. ಕೆಲವು ವರ್ಷಗಳ ಮೇಲೆ ಅಕ್ಕ ಜ್ವರದಲ್ಲಿ ಮಲಗಿದವಳು ಏಳಲಿಲ್ಲ. ಸುದ್ದಿ ತಿಳಿಸಲು ಕಾವ್ಯಳಿಗೆ ಫೋನು ಮಾಡಿದೆ. "ಬದುಕಿದ್ದಾಗ ನಾನು ಅವರಿಗೆ ಬೇಡವಾಗಿದ್ದೆ ಅಪ್ಪ. ಈಗ ಬಂದು ಏನು ಮಾಡ್ಲಿ?" ಎಂದಳು. ಬರಲಿಲ್ಲ. ಮಣ್ಣು ಹಾಕುವಾಗ ಅಕ್ಕ ಎತ್ತಿ ಆಡಿಸಿದ ಮಗು ಅಲ್ಲಿರಲಿಲ್ಲ.

ಈ ಸಲ ಯುಗಾದಿಗೆ ಬಂದಾಗ ಕಾವ್ಯ ಹಿಂದಿನ ಗಾಜಿನ ಕೋಣೆಯಲ್ಲಿ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಇದ್ದಕ್ಕಿದ್ದಂತೆ, "ಅತ್ತೆಗೆ ನನ್ನ ಮೇಲೆ ಅಷ್ಟೊಂದು ಕೋಪ ಯಾಕಿತ್ತಪ್ಪ?" ಎಂದು ಕೇಳಿದಳು. ಬಾಯಿಗೆ ಇನ್ನೊಂದು ಸುಳ್ಳು ಬಂದಿತ್ತು. ಅದು ಅಷ್ಟು ಬೇಗ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಎಲ್ಲವನ್ನೂ ಹೇಳಿದೆ.

ಕಾವ್ಯ ಬಾಚಣಿಗೆ ಕೆಳಗಿಟ್ಟಳು. ಆಮೇಲೆ ಕೇಳಿದಳು:

"ಅವತ್ತು ನಾನು ಅಡುಗೆಮನೆಗೆ ಬಂದಿದ್ದೆ. ಅಮ್ಮನ ಹತ್ರ ಅತ್ತೇನ ಬಾಯಿಗೆ ಬಂದಂಗೆ ಬೈದೆ. ಆಗ... ಆಗ ಅತ್ತೆ ಇಲ್ಲೇ ಇದ್ರಾ?"

"ಇದ್ಲು" ಎಂದೆ.

"ನಾನಂದದ್ದು ಕೇಳಿಸಿರುತ್ತಾ?"

ಅವಳು ಉತ್ತರಕ್ಕೆ ಕಾಯಲಿಲ್ಲ. ಹಸಿ ಕೂದಲನ್ನು ಹಾಗೇ ಗಂಟು ಕಟ್ಟಿ, ಬ್ಯಾಗು ತೆಗೆದುಕೊಂಡು, ಹಬ್ಬದ ಊಟಕ್ಕೂ ನಿಲ್ಲದೆ ಹೊರಟುಹೋದಳು. ಅಂದಿನಿಂದ ನನ್ನ ಫೋನು ಎತ್ತುತ್ತಿಲ್ಲ. ಎತ್ತಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮಗಳ ಬಾಳಿಗಾಗಿ ಮಾಡಿದೆ ಎಂದು ರತ್ನ ಈಗಲೂ ಅನ್ನುತ್ತಾಳೆ. ಬಂದವರ ಮುಂದೆ ಹೇಳಿದ್ದು ಅದಕ್ಕಾಗಿಯೇ ಎಂದು ಇಟ್ಟುಕೊಳ್ಳೋಣ. ಆದರೆ ಮದುವೆ ಮುಗಿದ ಮೇಲೆ? ಅಕ್ಕ ಹೊನ್ನೂರಿನಲ್ಲಿ ಇನ್ನೂ ಎಷ್ಟೋ ಬೇಸಿಗೆ, ಎಷ್ಟೋ ಚಳಿಗಾಲ ಬದುಕಿದ್ದಳು. ಕೊಳ್ಳೇಗಾಲದಿಂದ ದಿನವೂ ಬಸ್ಸಿತ್ತು. ನಾನು ಹತ್ತಲಿಲ್ಲ.